ಪಾಂಡಾನ ಎತ್ಕೊಳ್ಳೋದು ಸಂಶೋಧನೆ ಅಲ್ಲ ಮಾರಾಯ್ರೆ!

ಚೀನಾದ ಸಿಚುವಾನಿಗೆ ಪಾಂಡಾಗಳ ನಡವಳಿಕೆ ಅಧ್ಯಯನಕ್ಕೆ ಹೋಗಿದ್ದೆ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: “ಎತ್ಕೊಂಡ್ರಾ? ಫೋಟೋ ಇದ್ಯಾ?” ಇಲ್ಲ ಅಂದ್ರೆ ಮುಖ ಸಪ್ಪಗಾಗತ್ತೆ. ಮತ್ತೆ ಅಷ್ಟು ದೂರ ಹೋಗಿ ಮಾಡಿದ್ದೇನು ಅನ್ನೋ ಹಾಗೆ ನೋಡ್ತಾರೆ :)

ಮಾಡಿದ್ದು ಇಷ್ಟೇ. ಕೂತು ನೋಡಿದ್ದು, ನೋಡಿದ್ದನ್ನ ಬರೆದಿದ್ದು. 2018 ಮತ್ತು 2019ರ ಬೇಸಿಗೆ ರಜೆಗಳಲ್ಲಿ ಯಾ-ಆನ್ ಹತ್ತಿರ ಇಂಟರ್ನ್ ಹುಡುಗ ಹುಡುಗಿಯರ ಗುಂಪೊಂದನ್ನು ನೋಡಿಕೊಳ್ಳುವ ಕೆಲಸ ನನ್ನದು. ಯಾ-ಆನ್‌ಗೆ ಅಲ್ಲಿನವರು ‘ಮಳೆಯ ಊರು’ ಅಂತಲೇ ಹೆಸರಿಟ್ಟಿದ್ದಾರೆ. ನಮ್ಮ ಆಗುಂಬೆಯವರಿಗೆ ಬೇಜಾರಾಗಬಾರದು, ಆದ್ರೆ ಹೆಸರಿಗೆ ತಕ್ಕ ಮಳೆ!

ಕೆಲಸದ ರೀತಿ ಹೀಗೆ. ಕೈಯಲ್ಲೊಂದು ಹಾಳೆ, ಒಂದು ಗಡಿಯಾರ. ಪ್ರತಿ ನಿಮಿಷ ಮುಗಿದಾಗ ಆ ಕ್ಷಣಕ್ಕೆ ಪಾಂಡಾ ಏನು ಮಾಡ್ತಿದೆ ಅಂತ ಗುರುತು ಹಾಕಬೇಕು. ತಿನ್ನುತ್ತಿದೆ, ಮಲಗಿದೆ, ನಡೆಯುತ್ತಿದೆ, ಮರಕ್ಕೆ ವಾಸನೆ ಹಚ್ಚುತ್ತಿದೆ... ಪಾಂಡಾ ತಿನ್ನೋದು ಬಿದಿರು, ಆದ್ರೆ ಹೊಟ್ಟೆ ಮಾತ್ರ ಮಾಂಸ ತಿನ್ನೋ ಕರಡಿಯದ್ದೇ. ತಿಂದದ್ದರಲ್ಲಿ ಐದನೇ ಒಂದು ಭಾಗವೂ ಜೀರ್ಣ ಆಗಲ್ಲ. ಹಾಗಾಗಿ ದಿನದ ಅರ್ಧ ತಿನ್ನೋದ್ರಲ್ಲೇ ಹೋಗತ್ತೆ, ಉಳಿದದ್ದರಲ್ಲಿ ಬಹುಪಾಲು ನಿದ್ದೆ. ಎರಡನೇ ದಿನಕ್ಕೇ ಇಂಟರ್ನುಗಳ ಗೊಣಗಾಟ ಶುರು, “ಏನೂ ಆಗ್ತಾ ಇಲ್ವಲ್ಲ ಸಾರ್!”

ನನ್ನ ಪ್ರಕಾರ ಅಧ್ಯಯನ ಶುರುವಾಗೋದೇ ಅಲ್ಲಿ. ಒಂದೇ ಪಾಂಡಾವನ್ನು ಇಬ್ಬರಿಗೆ ಕೊಡ್ತಿದ್ದೆ. ಒಬ್ಬಳು ‘ನಡಿಗೆ’ ಅಂತ ಬರೆದ್ರೆ ಇನ್ನೊಬ್ಬ ‘ಶತಪಥ’ ಅಂತ ಬರೆದಿರ್ತಿದ್ದ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಬೇಲಿ ಪಕ್ಕ ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಶತಪಥ ತುಳಿಯೋದು ಪ್ರಾಣಿಗೆ ನೆಮ್ಮದಿ ಇಲ್ಲದ್ದರ ಗುರುತಾಗಿರಬಹುದು. ಹಾಗಾಗಿ ಎಷ್ಟು ಸಲ ತಿರುಗಿದ್ರೆ ಶತಪಥ ಅಂತ ಇಬ್ಬರೂ ಕೂತು ತೀರ್ಮಾನ ಮಾಡ್ಕೋಬೇಕು. ಇಬ್ಬರ ಹಾಳೆಯೂ ತಾಳೆಯಾಗೋವರೆಗೆ ಅವರು ಬರೆದದ್ದು ಲೆಕ್ಕಕ್ಕಿಲ್ಲ.

ಇದೆಲ್ಲ ಯಾಕೆ ಅಂತೀರಾ? ಶಿಯಾಂಗ್ ಶಿಯಾಂಗ್ ಅನ್ನೋ ಗಂಡು ಪಾಂಡಾ ಕತೆ ಕೇಳಿ. ಮನುಷ್ಯರ ಆರೈಕೆಯಲ್ಲಿ ಹುಟ್ಟಿ ಕಾಡಿಗೆ ಹೋದ ಮೊದಲ ಪಾಂಡಾ ಅದು. ಬಿಟ್ಟದ್ದು 2006ರಲ್ಲಿ. 2007ರ ಫೆಬ್ರವರಿಯಲ್ಲಿ ಹೆಣವಾಗಿ ಸಿಕ್ಕಿತು. ಕಾಡಿನ ಪಾಂಡಾಗಳ ಜೊತೆ ಕಾದಾಡಿ ಗಾಯಗೊಂಡಿತ್ತು ಅಂತ ಹೇಳ್ತಾರೆ. ಆಮೇಲೆ ಕ್ರಮವನ್ನೇ ಬದಲಾಯಿಸಿದ್ರು. ಮರಿ ತಾಯಿ ಜೊತೆಗೇ ಬೆಳೀಬೇಕು, ಮನುಷ್ಯರ ಸಲಿಗೆ ಆಗಬಾರದು. ಅದಕ್ಕೇ ವೋಲಾಂಗ್‌ನ ಸಿಬ್ಬಂದಿ ಪಾಂಡಾ ವೇಷ ಹಾಕ್ಕೊಂಡು, ಪಾಂಡಾ ಮೂತ್ರದ ವಾಸನೆ ಹಚ್ಕೊಂಡು ಮರಿ ಹತ್ತಿರ ಹೋಗ್ತಿದ್ರು. ಹಾಗೆ ಬೆಳೆದ ತಾವೋ ತಾವೋನನ್ನು 2012ರಲ್ಲಿ ಕಾಡಿಗೆ ಬಿಟ್ಟರು. ಮನುಷ್ಯರ ಪರಿಚಯವೇ ಆಗಬಾರದು ಅಂತ ಅವರು ಇಷ್ಟೆಲ್ಲ ಒದ್ದಾಡ್ತಿರುವಾಗ, ನಾವು ಹೋಗಿ ತೊಡೆ ಮೇಲೆ ಕೂರಿಸ್ಕೊಂಡು ಫೋಟೋ ಕೇಳೋದು ಯಾವ ನ್ಯಾಯ?

ನನ್ನ ತಕರಾರು ಇರೋದು ಇಂಟರ್ನುಗಳ ಮೇಲಲ್ಲ, ಅವರನ್ನು ಕರೆಯೋ ಜಾಹೀರಾತುಗಳ ಮೇಲೆ. ಮರಿ ತಬ್ಬಿಕೊಂಡ ಚಿತ್ರ ಹಾಕಿ, ಕೈತುಂಬಾ ಫೀಸು ಕಟ್ಟಿಸಿಕೊಂಡು, ಅದಕ್ಕೆ ‘ಸಂಶೋಧನಾ ಅನುಭವ’ ಅಂತ ಹೆಸರು! ಇದರಿಂದ ಎರಡು ನಷ್ಟ. ತಬ್ಬಿಕೊಳ್ಳೋಕೆ ಬಂದವರಿಗೆ ಹಾಳೆ ಕೊಟ್ರೆ ಮೋಸ ಹೋದೆ ಅನ್ನಿಸತ್ತೆ. ಇನ್ನು ದಿನವಿಡೀ ಮಳೆಯಲ್ಲಿ ಕೂತು ನೋಡೋ ತಾಳ್ಮೆ ಇರೋ, ಆದ್ರೆ ವಿಮಾನದ ಖರ್ಚಿಗೂ ದುಡ್ಡಿಲ್ಲದ ಹುಡುಗಿ ಅರ್ಜಿಯನ್ನೇ ಹಾಕಲ್ಲ. ಅಂಥವಳೊಬ್ಬಳು ಸಾಗರದ ಕಡೆಯವಳು ನನಗೆ ಗೊತ್ತು. ಈಗ ಬ್ಯಾಂಕಿನಲ್ಲಿದ್ದಾಳೆ.

ಫೀಸು ಇಲ್ಲದೆ ಯೋಜನೆ ನಡೆಯಲ್ಲ ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಕ್ಯಾಮೆರಾ, ವಾಹನ, ಊಟ ಯಾವುದೂ ಪುಕ್ಕಟೆ ಬರಲ್ಲ. ಆದ್ರೆ ಹತ್ತು ಜನ ಫೀಸು ಕಟ್ಟುವ ಕಡೆ ಇಬ್ಬರನ್ನಾದರೂ ಪುಕ್ಕಟೆ ಕರೆದುಕೊಳ್ಳಬಹುದಲ್ವಾ? ಪ್ರಬಂಧ ಅಚ್ಚಾದಾಗ ಹಾಳೆ ತುಂಬಿದವರ ಹೆಸರು ಕೊನೇ ಪಕ್ಷ ಕೃತಜ್ಞತೆಯ ಸಾಲಿನಲ್ಲಾದರೂ ಇರಬೇಡವಾ? ಜಾರ್ಜ್ ಶಾಲರ್, ಹು ಜಿನ್ಚು ಅವರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕು ಕೂಡ. 1980ರ ದಶಕದಲ್ಲಿ ವೋಲಾಂಗ್‌ನ ದಟ್ಟ ಬಿದಿರಿನಲ್ಲಿ ಪಾಂಡಾ ಕಣ್ಣಿಗೆ ಬೀಳೋದೇ ಅಪರೂಪ. ರೇಡಿಯೋ ಕಾಲರ್ ಸದ್ದು ಹಿಡಿದು, ಲದ್ದಿ ಕೆದಕಿ, ಅದರಲ್ಲಿನ ಬಿದಿರಿನ ಚೂರು ಅಳೆದು ಅಷ್ಟೆಲ್ಲ ತಿಳ್ಕೊಂಡ್ರು. ಆದ್ರೆ ಅವರ ಜೊತೆ ಬೆಟ್ಟ ಹತ್ತಿದವರೂ ಇದ್ದರಲ್ಲ.

2014ರ ಹೊತ್ತಿಗೆ ಮುಗಿದ ಗಣತಿ ಪ್ರಕಾರ ಕಾಡಿನಲ್ಲಿದ್ದ ಪಾಂಡಾಗಳು 1,864. ಅದರ ಹಿಂದಿರೋದೂ ಇಂಥದ್ದೇ ಬೇಜಾರಿನ ಕೆಲಸ.

ನಿಮ್ಮ ಮನೆಯ ಮಕ್ಕಳು ಪಾಂಡಾ ನೋಡೋಕೆ ಹೋಗ್ತೀನಿ ಅಂದ್ರೆ ಬೇಡ ಅನ್ನಬೇಡಿ. ಮೊದಲು ಬೀದಿ ನಾಯಿಯನ್ನೋ ಕೆರೆ ದಂಡೆಯ ಕೊಕ್ಕರೆಯನ್ನೋ ಒಂದು ಗಂಟೆ ನಿಮಿಷ ನಿಮಿಷಕ್ಕೂ ಬರೆದುಕೊಳ್ಳೋಕೆ ಹೇಳಿ. ಮಾರನೇ ದಿನ ಅವರಾಗೇ ಹೋಗಿ ಕೂತ್ರೆ ಪಾಸ್‌ಪೋರ್ಟ್ ಮಾಡಿಸಿ ಕೊಡಿ.

ನೀವೇನಂತೀರಿ?