ಕರುಳಿನ ಉರಿಯೂತ: ಕಟ್ಟಡಕ್ಕಿಂತ ತಜ್ಞರು ಮುಖ್ಯ

ಬಾಗಲಕೋಟೆ: ತಿಂಗಳುಗಟ್ಟಲೆ ಭೇದಿ, ಮಲದಲ್ಲಿ ರಕ್ತ, ತೂಕ ಇಳಿಕೆ. ಇವನ್ನು ಆಮಶಂಕೆ ಅಥವಾ ಮೂಲವ್ಯಾಧಿ ಎಂದು ಭಾವಿಸುವುದು ಸುಲಭ. ಆದರೆ ಅಲ್ಸರೇಟಿವ್ ಕೊಲೈಟಿಸ್, ಕ್ರಾನ್ಸ್ ರೋಗಗಳ ಲಕ್ಷಣಗಳೂ ಇವೇ.

ಕ್ರಾನ್ಸ್ ರೋಗವನ್ನು ಹೋಲುವ ಕರುಳಿನ ಕ್ಷಯ ನಮ್ಮಲ್ಲಿ ಅಪರೂಪವಲ್ಲ. ಕ್ಷಯಕ್ಕೆ ಸ್ಟೀರಾಯ್ಡ್ ನೀಡಿದರೆ ಸೋಂಕು ಉಲ್ಬಣಿಸುತ್ತದೆ. ಕ್ರಾನ್ಸ್ ರೋಗಕ್ಕೆ ಕ್ಷಯದ ಮಾತ್ರೆಯನ್ನಷ್ಟೇ ನೀಡುತ್ತಾ ಹೋದರೆ ಕರುಳು ಕಿರಿದಾಗುವ ಅಪಾಯವಿದೆ. ಆದ್ದರಿಂದಲೇ ಕೊಲೊನೋಸ್ಕೋಪಿ, ಬಯಾಪ್ಸಿ ಹಾಗೂ ತಜ್ಞರ ತೀರ್ಮಾನ ಅನಿವಾರ್ಯ.

1997ರಲ್ಲಿ ರಚನೆಯಾದ ಜಿಲ್ಲೆಯಲ್ಲಿ 2002ರಲ್ಲಿ ಎಸ್. ನಿಜಲಿಂಗಪ್ಪ ಖಾಸಗಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಸರ್ಕಾರಿ ಕಾಲೇಜು 2025-26ರ ಬಜೆಟ್‌ನಲ್ಲಿ ಘೋಷಣೆಯಾಯಿತು. ಆದರೆ ಎಂಬಿಬಿಎಸ್ ಸೀಟುಗಳಿಂದಲೇ ಜಠರ-ಕರುಳು ತಜ್ಞರು ದೊರೆಯುವುದಿಲ್ಲ, ಅದು ಎಂ.ಡಿ. ನಂತರದ ವಿಶೇಷ ಪದವಿ.

ಈ ಕಾಯಿಲೆಗೆ ದೀರ್ಘಕಾಲದ ಔಷಧ, ನಿಯಮಿತ ರಕ್ತಪರೀಕ್ಷೆ ಅಗತ್ಯ. ಇಳಕಲ್‌ನ ನೇಕಾರರು ನೂರು ಕಿ.ಮೀ.ಗೂ ದೂರದ ಹುಬ್ಬಳ್ಳಿಗೆ ಹೋಗಬೇಕಾದರೆ ಪ್ರತಿ ಭೇಟಿಗೂ ಒಂದು ದಿನದ ದುಡಿಮೆ ಹೋಗುತ್ತದೆ. ಲಕ್ಷಣ ತಗ್ಗಿದೊಡನೆ ಮಾತ್ರೆ ಬಿಟ್ಟರೆ ರೋಗ ಮರುಕಳಿಸುತ್ತದೆ.

ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲಿ ರಕ್ತಪರೀಕ್ಷೆ, ಜಿಲ್ಲಾ ಕೇಂದ್ರದಲ್ಲಿ ನಿಗದಿತ ದಿನ ತಜ್ಞರ ಭೇಟಿ, ನಡುವೆ ಇ-ಸಂಜೀವಿನಿ ಮೂಲಕ ಸಲಹೆ: ಈ ವ್ಯವಸ್ಥೆ ಹೊಸ ಕಟ್ಟಡಕ್ಕಾಗಿ ಕಾಯಬೇಕಿಲ್ಲ.