ಸಾಲಕ್ಕೆ ಪತ್ರ, ನಿಕಾಹ್‌ಗೆ ಬಾಯಿಮಾತೇ?

ಹೊಸದುರ್ಗದಲ್ಲಿ ತೆಂಗಿನಕಾಯಿ ಮಾರಿದವನು ಚೀಟಿ ಪಡೆಯದೆ ಮನೆಗೆ ಹೋಗುವುದಿಲ್ಲ. ತೋಟ ಕೊಂಡವನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಯೇ ಬರುತ್ತಾನೆ. ಮಗಳ ಮದುವೆಯನ್ನೂ ಅಲ್ಲಿ ದಾಖಲಿಸಪ್ಪಾ ಎಂದರೆ ಮಾತ್ರ, ‘ಹಜರತ್ ನಿಕಾಹ್ ಓದಿದ್ದಾರಲ್ಲ, ಇನ್ನೇನು ಬೇಕು?’ ಎನ್ನುತ್ತಾನೆ.

ಏನು ಬೇಕೆಂಬುದು ತಿಳಿಯುವುದು ಗಂಡ ತೀರಿಕೊಂಡಾಗ ಅಥವಾ ಆತ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದಾಗ. ಆಗ ಆ ಹೆಣ್ಣು ತಾನು ಹೆಂಡತಿಯೆಂದು ಸಾಬೀತುಪಡಿಸಬೇಕು. ಸಾಕ್ಷಿಗಳಲ್ಲಿ ಒಬ್ಬರು ಮಣ್ಣು ಸೇರಿರುತ್ತಾರೆ, ಇನ್ನೊಬ್ಬರು ಗಂಡಿನ ಕಡೆಯವರು. ಜಮಾಅತ್ತಿನ ದಫ್ತರು ಹಳೆಯ ಮುತವಲ್ಲಿಯ ಬೀರುವಿನಲ್ಲಿ. ಮಹರ್ ಎಷ್ಟೆಂದು ಯಾರಿಗೂ ನೆನಪಿಲ್ಲ!

‘ನೋಂದಣಿ ಶರೀಅತ್ತಿನಲ್ಲಿ ಎಲ್ಲಿದೆ?’ ಎಂದು ಕೇಳುವವರಿದ್ದಾರೆ. ನಿಜ, ಒಪ್ಪಿಗೆಯೂ ಸಾಕ್ಷಿಗಳೂ ಇದ್ದರೆ ನಿಕಾಹ್ ಸಿಂಧು. ಕಾಗದ ಅದರ ಷರತ್ತಲ್ಲ. ಆದರೆ ಸಿಂಧುವಾಗುವುದು ಬೇರೆ, ಸಾಬೀತಾಗುವುದು ಬೇರೆ. ಕುರ್‌ಆನಿನ ಅತ್ಯಂತ ದೀರ್ಘ ಆಯತ್, ಅಲ್ ಬಕರಾದ 282ನೆಯದು, ಸಾಲವನ್ನು ಬರೆದಿಡುವ ಬಗೆಗಿನದು. ಸಂದೇಹ ಉಳಿಯಬಾರದೆಂಬ ಕಾರಣವನ್ನೂ ಅದು ಹೇಳುತ್ತದೆ. ಅನ್ನಿಸಾದ 21ನೆಯ ಆಯತ್ ಮದುವೆಯನ್ನು ಬಲವಾದ ಕರಾರೆಂದು ಕರೆದಿದೆ. ಕೊಡದೆ ಉಳಿಸಿಕೊಂಡ ಮಹರ್ ಗಂಡನ ಮೇಲಿನ ಸಾಲವಲ್ಲವೆ? ಹಾಗಿದ್ದರೆ ಬರೆದಿಡಲು ಅಂಜಿಕೆ ಏಕೆ?

ಈಜಿಪ್ಟ್ 1931ರಲ್ಲೇ, ಎದುರು ಪಕ್ಷ ಅಲ್ಲಗಳೆದ ಮದುವೆಗೆ ಅಧಿಕೃತ ದಾಖಲೆ ಇಲ್ಲದಿದ್ದರೆ ದಾವೆ ಕೇಳಬಾರದೆಂದು ಕಾನೂನು ಮಾಡಿತು. ಪಾಕಿಸ್ತಾನ 1961ರಲ್ಲಿ ನಿಕಾಹ್ ನೋಂದಣಿ ಕಡ್ಡಾಯ ಮಾಡಿತು. ಅಲ್ಲಿ ಇಸ್ಲಾಮ್ ಅಪಾಯಕ್ಕೆ ಸಿಲುಕಲಿಲ್ಲ.

ನಮ್ಮ ರಾಜ್ಯದಲ್ಲಿ 1976ರ ವಿವಾಹ ನೋಂದಣಿ ಕಾಯ್ದೆ ಇದೆ. ಸುಪ್ರೀಂ ಕೋರ್ಟು 2006ರಲ್ಲಿ ಎಲ್ಲ ಧರ್ಮದವರ ಮದುವೆಯೂ ನೋಂದಣಿಯಾಗಬೇಕೆಂದಿತು. ನೋಂದಣಿಯಾಗದ ಮಾತ್ರಕ್ಕೆ ಮದುವೆ ಅಸಿಂಧುವಾಗದೆಂದು ರಾಜ್ಯದ ಕಾಯ್ದೆಯೇ ಹೇಳುತ್ತದೆ. ಎಂದ ಮೇಲೆ ಧರ್ಮಕ್ಕೆ ಧಕ್ಕೆ ಎಲ್ಲಿ ಬಂತು? 2023ರಲ್ಲಿ ಸರ್ಕಾರ ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿತು. 2024ರ ನವೆಂಬರಿನಲ್ಲಿ ಹೈಕೋರ್ಟು ಅದಕ್ಕೆ ತಡೆ ಒಡ್ಡಿತು. ಅಡ್ಡದಾರಿಯ ಕಾಗದ ಎಷ್ಟು ದಿನ ಬಾಳೀತು ಎಂಬುದಕ್ಕೆ ಇದೇ ಪಾಠ.

ಕಚೇರಿಗೆ ಅಲೆಯಲು ಕೂಲಿಕಾರನಿಗೆ ಕಷ್ಟವೆಂಬುದು ಸುಳ್ಳಲ್ಲ. ಆ ಕಷ್ಟ ಹೊರಬೇಕಾದವರು ಜಮಾಅತ್ತಿನ ಹಿರಿಯರು. ಶಾದಿ ಮಹಲಿನಲ್ಲೇ ಅರ್ಜಿಗೆ ಸಹಿ ಹಾಕಿಸಿ, ಮಹರನ್ನು ನಿಕಾಹ್‌ನಾಮಾದಲ್ಲಿ ಅಂಕಿ ಅಕ್ಷರ ಎರಡರಲ್ಲೂ ಬರೆಸಿ, ಒಂದು ಪ್ರತಿಯನ್ನು ವಧುವಿನ ಕೈಗೇ ಕೊಡಲಿ. ಅವಳ ಅಪ್ಪನ ಕೈಗಲ್ಲ, ಅವಳ ಕೈಗೆ. ಬಿರಿಯಾನಿಯ ದೇಗು ಎಷ್ಟೆಂದು ಬರೆದಿಡುವ ನಮಗೆ ಇಷ್ಟು ಬರೆಯುವುದು ಭಾರವಾಗಬಾರದು.