ಮೂರು ದಿನದ ವಿದೇಶಯಾತ್ರೆ ಮತ್ತು ಚೀಲ ಹೊತ್ತವರು



2025ರ ಫೆಬ್ರವರಿಯಲ್ಲಿ ನಾನು ಕಾಲೇಜು ದಿನಗಳ ಮೂವರು ಗೆಳೆಯರೊಡನೆ ಶ್ರೀಲಂಕೆಗೆ ಹೋಗಿ ಬಂದ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಹಸಿರು ಹುಲ್ಲಿನ ಮೈದಾನದಲ್ಲಿ ಟೋಪಿ ಧರಿಸಿ ನಿಂತ ನನ್ನ ಭಾವಚಿತ್ರವೊಂದು ಬಂಧುವರ್ಗದಲ್ಲಿ ಕೈಯಿಂದ ಕೈಗೆ ದಾಟಿ, "ಮೇಷ್ಟ್ರು ಗಾಲ್ಫ್ ಆಡುವುದಕ್ಕೆ ಫಾರಿನ್ನಿಗೆ ಹೋದರಂತೆ" ಎಂಬ ವಾರ್ತೆಯಾಗಿ ಕೆಂಗಲ್ ಆಂಜನೇಯನ ಗುಡಿಯ ಮುಂದಿನ ಹೂವಿನಂಗಡಿಯವರೆಗೂ ತಲುಪಿತು. ಆಡಿದವರು ಗೆಳೆಯರು; ನಾನು ಅವರ ಜೊತೆಗೆ ನಡೆದವನು. ಆದರೂ ಈ ವಾರ್ತೆಯ ಹಿಂದೆಯೇ ಬಂದ ಎರಡು ಪ್ರಶ್ನೆಗಳು ವಿಚಾರಯೋಗ್ಯವಾಗಿವೆ. ಗಾಲ್ಫ್ ಎಂಬುದು ಸಿರಿವಂತರ ಕಾಲಹರಣವಲ್ಲವೇ ಎಂಬುದು ಮೊದಲನೆಯದು. ಶುಕ್ರವಾರ ಹೋಗಿ ಭಾನುವಾರ ಮರಳಿದವರು ಯಾವ ದೇಶವನ್ನು ತಾನೇ ನೋಡಲು ಸಾಧ್ಯ ಎಂಬುದು ಎರಡನೆಯದು. ಎರಡಕ್ಕೂ ಸೇರಿ ನನ್ನ ಉತ್ತರ ಒಂದೇ. ಆ ಮೂರು ದಿನಗಳಲ್ಲಿ ನಾವು ಶ್ರೀಲಂಕೆಯನ್ನು ನಿಜವಾಗಿ ನೋಡಿದ್ದು ಗಾಲ್ಫ್ ಮೈದಾನದಲ್ಲಿಯೇ ಹೊರತು ಪ್ರೇಕ್ಷಣೀಯ ಸ್ಥಳಗಳಲ್ಲಿ ಅಲ್ಲ.

ಆಟವನ್ನು ಕಾಣದವರಿಗಾಗಿ ನಾಲ್ಕು ಮಾತು. ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ 18 ಕುಳಿಗಳಿರುತ್ತವೆ. ಒಂದೊಂದು ಕುಳಿಯ ಅಗಲ ಕೇವಲ ನಾಲ್ಕೂಕಾಲು ಅಂಗುಲ. ನೂರಾರು ಗಜ ದೂರದಿಂದ ಚೆಂಡನ್ನು ಹೊಡೆಯುತ್ತ ಹೋಗಿ ಕುಳಿಗೆ ಬೀಳಿಸಬೇಕು; ಯಾರ ಹೊಡೆತಗಳ ಸಂಖ್ಯೆ ಕಡಿಮೆಯೋ ಅವರು ಗೆದ್ದಂತೆ. ಆಟಗಾರನು 14ರವರೆಗೆ ಬಗೆಬಗೆಯ ದಂಡಗಳನ್ನು ಇಟ್ಟುಕೊಳ್ಳಬಹುದು. ಆ ಭಾರದ ಚೀಲವನ್ನು ಹೊರುವವನೇ ಕ್ಯಾಡಿ. ಹದಿನೆಂಟೂ ಕುಳಿ ಮುಗಿಯಲು ನಾಲ್ಕು ಗಂಟೆಗೂ ಮಿಕ್ಕ ಕಾಲ ಬೇಕು. ಅಷ್ಟರಲ್ಲಿ ಏಳೆಂಟು ಕಿಲೋಮೀಟರ್ ನಡಿಗೆಯಾಗುತ್ತದೆ. ಈ ಆಟ ನಮ್ಮ ನಾಡಿಗೆ ಹೊಸತೂ ಅಲ್ಲ. ಕಲ್ಕತ್ತೆಯಲ್ಲಿ 1829ರಲ್ಲಿಯೇ ಗಾಲ್ಫ್ ಕ್ಲಬ್ ಹುಟ್ಟಿತು. ಬೆಂಗಳೂರಿನ ಕ್ಲಬ್ 1876ರದು. ನಮ್ಮ ಊರಿನಿಂದ ಬೆಂಗಳೂರಿನ ಕಡೆಗೆ ಹೊರಟರೆ ಬಿಡದಿಯ ಬಳಿಯೇ ಈಗಲ್‌ಟನ್ ಮೈದಾನವಿದೆ. ನನ್ನ ಗೆಳೆಯರಿಬ್ಬರು, ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಇನ್ನೊಬ್ಬರು ಎಂಜಿನಿಯರ್, ಐವತ್ತು ದಾಟಿದ ಮೇಲೆ ವೈದ್ಯರು ನಡೆಯಬೇಕೆಂದು ವಿಧಿಸಿದ್ದರಿಂದ ಈ ಆಟಕ್ಕೆ ಕೈಹಾಕಿದವರು. ಮೂರನೆಯವರು ಅವರಿಬ್ಬರ ಒತ್ತಾಯಕ್ಕೆ ಸಿಕ್ಕವರು.

ಬೆಂಗಳೂರಿನಿಂದ ಕೊಲಂಬೊ ನಗರಕ್ಕೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ನುವಾರ ಎಲಿಯ ಎಂಬ ಗಿರಿನಗರಕ್ಕೆ ರಸ್ತೆಯಲ್ಲಿ ಐದಾರು ಗಂಟೆ. ಸಮುದ್ರಮಟ್ಟದಿಂದ 1,800 ಮೀಟರಿಗೂ ಎತ್ತರದಲ್ಲಿರುವ ಆ ಊರಿನ ನಡುವೆಯೇ, 1889ರಲ್ಲಿ ಬ್ರಿಟಿಷರು ಸ್ಥಾಪಿಸಿದ ಗಾಲ್ಫ್ ಕ್ಲಬ್ ಇದೆ. ಶನಿವಾರ ಬೆಳಿಗ್ಗೆ ಆಟ, ಮಧ್ಯಾಹ್ನ ಸ್ಥಳವೀಕ್ಷಣೆ, ಭಾನುವಾರ ಹಿಂದಿರುಗುವ ಪಯಣ. ಇದು ನಮ್ಮ ಕಾರ್ಯಕ್ರಮ.

ಸ್ಥಳವೀಕ್ಷಣೆಯ ವಿಚಾರವನ್ನು ಮೊದಲು ಹೇಳಿಬಿಡುತ್ತೇನೆ. 1873ರಲ್ಲಿ ನಿರ್ಮಿಸಿದ ಗ್ರೆಗರಿ ಸರೋವರದ ದಡದಲ್ಲಿ ಇಪ್ಪತ್ತು ನಿಮಿಷ. ಸಿಂಕೋನ ಗಿಡ ಬೆಳೆಸುವುದಕ್ಕಾಗಿ 1861ರಲ್ಲಿ ಆರಂಭವಾದ ಹಕ್ಗಲ ಸಸ್ಯೋದ್ಯಾನದಲ್ಲಿ ಅರ್ಧ ಗಂಟೆ. ಅಶೋಕವನವೆಂದು ಜನ ನಂಬುವ ಸೀತಾ ಎಲಿಯದ ಅಮ್ಮನವರ ಗುಡಿಯಲ್ಲಿ ಕಾಲು ಗಂಟೆ. ಅಲ್ಲಿ ಹೊಳೆಯ ಬಂಡೆಯ ಮೇಲಿನ ಗುಳಿಗಳನ್ನು ಹನುಮಂತನ ಹೆಜ್ಜೆಗಳೆಂದು ತೋರಿಸುತ್ತಾರೆ. ಕೆಚ್ಚನೆಯ ಕಲ್ಲೇ ಕೆಂಗಲ್ಲು ಎಂದು ಮಕ್ಕಳಿಗೆ ಸಮಾಸ ಬಿಡಿಸಿ ಹೇಳುತ್ತ, ಕೆಂಪು ಶಿಲೆಯ ಆಂಜನೇಯನ ಸನ್ನಿಧಿಯಲ್ಲಿ ಬಾಳಿದ ನನಗೆ ಅಲ್ಲಿ ಕೈಮುಗಿಯುವಾಗ ಮನಸ್ಸು ತುಂಬಿ ಬಂದದ್ದು ನಿಜ. ಆದರೆ ಆ ಮೂರು ಕಡೆಯೂ ನಮ್ಮೊಡನೆ ಮಾತನಾಡಿದವರು ಏನನ್ನಾದರೂ ಮಾರುವವರು ಮಾತ್ರ. ಅವರನ್ನು ದೂರುವುದು ಸಲ್ಲದು. ಕಾಲು ಗಂಟೆ ನಿಲ್ಲುವವರೊಡನೆ ಯಾರಾದರೂ ಬೇರೆ ಏನು ಮಾತನಾಡಿಯಾರು?

ಚನ್ನಪಟ್ಟಣದ ಸೀಮೆಯವರಾದ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು, ಏಕೆಂದರೆ ನಾವೂ ನೋಡಿಸಿಕೊಂಡವರು. ಮೈಸೂರಿಗೆ ಹೋಗುವ ಪ್ರವಾಸಿಗಳು ಹತ್ತು ನಿಮಿಷ ವಾಹನ ನಿಲ್ಲಿಸಿ, ಅರಗಿನ ಬಣ್ಣದ ಮರದ ಕುದುರೆಯೊಂದನ್ನು ಕೊಂಡು, ಚನ್ನಪಟ್ಟಣವನ್ನು ನೋಡಿದೆವೆಂದು ಹೊರಟುಹೋಗುವುದನ್ನು ದಶಕಗಳಿಂದ ಕಂಡಿದ್ದೇವೆ. ಹಾಲೆಮರದ ತುಂಡು ಎಷ್ಟು ಒಣಗಬೇಕು, ತಿರುಗಣಿಯ ಮೇಲೆ ಅರಗು ಕರಗಿ ಹಿಡಿಯುವ ಬಗೆಯೇನು, ದಿನವಿಡೀ ಕುಳಿತ ಕುಶಲಕರ್ಮಿಯ ಬೆನ್ನಿಗೆ ಏನಾಗುತ್ತದೆ ಎಂಬುದನ್ನು ಅವರಲ್ಲಿ ಕೇಳಿದವರು ವಿರಳ. 2023ರ ಮಾರ್ಚಿಯಲ್ಲಿ ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಆ ಹತ್ತು ನಿಮಿಷವೂ ಕರಗಿದೆ. ರಾಮನಗರ, ಕೆಂಗಲ್, ಚನ್ನಪಟ್ಟಣಗಳು ಹಳೆಯ ರಸ್ತೆಯಲ್ಲಿ ಉಳಿದಿವೆ. ನಮ್ಮ ಊರಿನಲ್ಲಿ ಪರರು ಹೀಗೆ ನಡೆದುಕೊಂಡಾಗ ನೊಂದುಕೊಳ್ಳುವ ನಾವು, ಪರರ ಊರಿನಲ್ಲಿ ಹಾಗೆಯೇ ನಡೆದುಕೊಳ್ಳುವುದು ಉಚಿತವಲ್ಲ.

ಇನ್ನು ಮೈದಾನದ ಮಾತು. ನಮ್ಮ ಗುಂಪಿಗೆ ದೊರೆತ ಕ್ಯಾಡಿಗಳಲ್ಲಿ ಹಿರಿಯರಾದ ಒಬ್ಬರು, ವಯಸ್ಸು ಐವತ್ತೈದರ ಆಸುಪಾಸು, ಚಹಾ ತೋಟದ ಸಾಲುಮನೆಯಲ್ಲಿ ಹುಟ್ಟಿದ ತಮಿಳರು. ಬೆಂಗಳೂರಿನಲ್ಲಿ ಬಿ.ಇಡಿ. ಓದುವಾಗ ಬಾಡಿಗೆ ಮನೆಯ ನೆರೆಯವರಿಂದ ಕಲಿತ ನನ್ನ ಹರಕುಮುರುಕು ತಮಿಳು ಅಂದು ಉಪಯೋಗಕ್ಕೆ ಬಂತು. ಮೊದಲ ಮೂರು ಕುಳಿಗಳವರೆಗೆ ಅವರು ಕೇಳಿದ್ದಕ್ಕಷ್ಟೇ ಉತ್ತರಿಸಿದರು. ನಾಲ್ಕನೆಯದರ ಬಳಿ ನಾನು ಭಾರತದವನೆಂಬುದಕ್ಕಿಂತ ಕರ್ನಾಟಕದವನೆಂದು ತಿಳಿದೊಡನೆ ಅವರ ಮುಖ ಅರಳಿತು. "ನಿಮ್ಮಲ್ಲಿ ಸುಳ್ಯ ಎಂಬ ಊರಿದೆಯಲ್ಲವೇ?" ಎಂದು ಕೇಳಿದರು. ಅವರ ದೊಡ್ಡಪ್ಪನ ಸಂಸಾರ ಅಲ್ಲಿಯ ರಬ್ಬರ್ ತೋಟದಲ್ಲಿದೆಯಂತೆ.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಸಮಾಜ ವಿಜ್ಞಾನದ ಪಾಠದ ನೆನಪಿದ್ದರೆ ಇದರ ಹಿಂದಿನ ಕಥೆ ಹೊಳೆಯಬಹುದು. ಶ್ರೀಲಂಕೆಯ ಬೆಟ್ಟಗಳಲ್ಲಿ ಮೊದಲು ಕಾಫಿ ಬೆಳೆಯುತ್ತಿದ್ದರು. 1869ರಿಂದ ಎಲೆಯ ತುಕ್ಕುರೋಗ ಹರಡಿ ಕಾಫಿ ನಾಶವಾದಾಗ, ಜೇಮ್ಸ್ ಟೇಲರ್ 1867ರಲ್ಲಿ ನೆಟ್ಟು ತೋರಿಸಿದ್ದ ಚಹಾ ಆ ಸ್ಥಾನಕ್ಕೆ ಬಂತು. ಈ ತೋಟಗಳಲ್ಲಿ ದುಡಿಯಲು ತಮಿಳುನಾಡಿನ ಬಡವರನ್ನು ಕರೆತಂದರು. 1948ರಲ್ಲಿ ದ್ವೀಪ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯ್ದೆಯಿಂದ ಇವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಜನರನ್ನು ಭಾರತವೂ 3,00,000 ಜನರನ್ನು ಶ್ರೀಲಂಕೆಯೂ ಸ್ವೀಕರಿಸುವುದೆಂದಾಯಿತು. ಉಳಿದ 1,50,000 ಜನರನ್ನು 1974ರಲ್ಲಿ ಸಮವಾಗಿ ಹಂಚಿಕೊಂಡರು. ಮನುಷ್ಯರನ್ನು ಭಾಗಾಕಾರದ ಲೆಕ್ಕದಂತೆ ಹಂಚಿದ ಆ ಒಪ್ಪಂದಗಳ ಫಲವಾಗಿ ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದ ಕುಟುಂಬಗಳಲ್ಲಿ ಕೆಲವು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರುಗಳ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಂಡವು. ಅವರ ಮಕ್ಕಳು ಕನ್ನಡ ಶಾಲೆಗಳಲ್ಲಿ ಓದಿದರು. ನಮ್ಮ ಜೊತೆಗಾರರ ಅಪ್ಪ ಅಲ್ಲಿಯೇ ಉಳಿದರು, ದೊಡ್ಡಪ್ಪ ಇಲ್ಲಿಗೆ ಬಂದರು. "ಅಣ್ಣ ತಮ್ಮ ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ" ಎಂದು ಹೇಳುತ್ತ ಅವರು ಬ್ಯಾಂಕಿನ ಗೆಳೆಯರ ಕೈಗೆ ಮುಂದಿನ ದಂಡವನ್ನಿತ್ತರು.

ಈ ಸಂಭಾಷಣೆ ಎಲ್ಲರಿಗೂ ರುಚಿಸಲಿಲ್ಲ. ಎಂಜಿನಿಯರ್ ಗೆಳೆಯರು ಸಂಜೆ ಊಟದ ಹೊತ್ತಿಗೆ, "ಅವರ ಕೆಲಸಕ್ಕೆ ಹಣ ಕೊಡುತ್ತೇವೆ, ಎರಡು ದಿನ ಚಿಂತೆ ಮರೆಯಲು ಬಂದವರಿಗೆ ಚರಿತ್ರೆ ಏಕೆ?" ಎಂದರು. ಪ್ರಾಮಾಣಿಕವಾದ ಮಾತು. ದಣಿದವರಿಗೆ ವಿಶ್ರಾಂತಿಯ ಹಕ್ಕಿದೆ, ದುಡಿದವರಿಗೆ ತಮ್ಮ ದುಡ್ಡನ್ನು ಖರ್ಚು ಮಾಡುವ ಹಕ್ಕಿದೆ. ಆದರೆ ಚಿಂತೆ ಮರೆಯಲು ಮಾತ್ರವಾದರೆ ಬಿಡದಿಯ ಹುಲ್ಲೂ ಅಷ್ಟೇ ಹಸಿರು. ಕಡಲು ದಾಟುವ ಅಗತ್ಯವಿಲ್ಲ. ಕಡಲು ದಾಟಿದ ಮೇಲೆ ಅಲ್ಲಿಯ ಒಬ್ಬ ಮನುಷ್ಯನ ಪರಿಚಯವೂ ಇಲ್ಲದೆ ಮರಳುವುದು, ಪುಸ್ತಕ ಕೊಂಡು ರಕ್ಷಾಪುಟವನ್ನಷ್ಟೇ ನೋಡಿದಂತೆ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಎರಡನ್ನೂ ಒಟ್ಟಿಗೆ ಹೇಳಿದ್ದು ಪ್ರಾಸಕ್ಕಾಗಿ ಮಾತ್ರವಲ್ಲ. ಓದದೆ ಸುತ್ತಿದವನಿಗೆ ಸುಳ್ಯ ಎಂಬ ಶಬ್ದ ಬರಿಯ ಊರ ಹೆಸರಾಗಿ ಕಿವಿಯ ಮೇಲೆ ಹಾದುಹೋಗುತ್ತದೆ.

ಗಾಲ್ಫ್ ಆಟದ ನಿಯಮವೂ ನನ್ನ ಪಕ್ಷದಲ್ಲಿದೆ. ಜೊತೆಯ ಪಾಲುದಾರನನ್ನು ಬಿಟ್ಟರೆ, ಸ್ಪರ್ಧೆಯ ನಡುವೆ ಆಟಗಾರನು ಸಲಹೆ ಕೇಳಬಹುದಾದದ್ದು ತನ್ನ ಕ್ಯಾಡಿಯನ್ನು ಮಾತ್ರ. ಅಂದರೆ ಆಟವೇ ಅವರನ್ನು ಹಮಾಲಿಯೆಂದು ಎಣಿಸಿಲ್ಲ, ಮಂತ್ರಿಯೆಂದು ಎಣಿಸಿದೆ. ಕಣ್ಣಿಗೆ ಎಡಕ್ಕೆ ಇಳಿಜಾರಾಗಿ ಕಾಣುವ ನೆಲದಲ್ಲಿ ಚೆಂಡು ಬಲಕ್ಕೆ ಹೊರಳುತ್ತದೆಂಬುದು ಅವರಿಗೆ ಗೊತ್ತು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದರು. ಕಂಚಿನ ಪದಕ ಒಂದೇ ಹೊಡೆತದಲ್ಲಿ ತಪ್ಪಿತು. ಆಗ ಅವರ ಚೀಲ ಹೊತ್ತು ನಡೆದವರು ಅವರ ತಾಯಿ. 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಹೊತ್ತವರು ತಂದೆ. ತಂದೆತಾಯಿ ನಿಲ್ಲಬಹುದಾದ ಸ್ಥಾನದಲ್ಲಿ ನಿಂತವರನ್ನು, ತಲೆ ನರೆತ ಮೇಲೂ "ಏ ಹುಡುಗ" ಎಂದು ಕರೆಯುವ ಅಭ್ಯಾಸ ಎಷ್ಟೋ ಮೈದಾನಗಳಲ್ಲಿದೆ.

ಇದು ಪರದೇಶದ ಮಾತಲ್ಲ. ಬಿಡದಿಯ ಆಸುಪಾಸಿನ ಹಳ್ಳಿಗಳ ಹುಡುಗರು ಮೈದಾನದಲ್ಲಿ ಚೆಂಡು ಹೆಕ್ಕುತ್ತ, ಚೀಲ ಹೊರುತ್ತ ಬೆಳೆದಿದ್ದಾರೆ. ಅಲ್ಲಿಯ ಹಳ್ಳಿಯಿಂದಲೇ ಬಂದು, ಈಗಲ್‌ಟನ್ ಮೈದಾನದಲ್ಲಿ ಆಟ ಕಲಿತ ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ದೇಶವಿದೇಶಗಳ ಪಂದ್ಯಗಳಲ್ಲಿ ಆಡಿದ್ದಾರೆ. ಅವರಂಥವರು ಒಬ್ಬರೋ ಇಬ್ಬರೋ. ಉಳಿದವರೆಲ್ಲ ಚೀಲ ಹೊತ್ತೇ ವಯಸ್ಸಾಗುವವರು. ಈ ಬರಹವನ್ನು ಓದುವವರಲ್ಲಿ ದಂಡ ಹಿಡಿದವರೂ ಇರಬಹುದು, ಚೀಲ ಹೊತ್ತವರೂ ಇರಬಹುದು. ನನ್ನ ತರಗತಿಯಲ್ಲಿ ಇಂಥ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತಿದ್ದರು ಎಂಬುದನ್ನು ಮಾತ್ರ ನೆನಪಿಸಬಯಸುತ್ತೇನೆ.

ಗಾಲ್ಫ್ ಮೈದಾನಗಳು ನುಂಗುವ ನೆಲ ಮತ್ತು ನೀರಿನ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಕೊಳವೆಬಾವಿ ಬತ್ತಿದ ಹೊಲದ ಪಕ್ಕದಲ್ಲಿ ಹುಲ್ಲಿಗೆ ನೀರು ಚಿಮ್ಮುವುದನ್ನು ಕಂಡ ರೈತನಿಗೆ ಸಂಕಟವಾಗುವುದು ಸಹಜ. ಸಂಸ್ಕರಿಸಿದ ನೀರನ್ನೇ ಬಳಸಬೇಕೆಂದು ಆಟಗಾರರೇ ಮುಂದೆ ನಿಂತು ಒತ್ತಾಯಿಸುವುದು ನ್ಯಾಯ. ಆದರೆ ಇರುವ ಮೈದಾನದಲ್ಲಿ ಹೇಗೆ ನಡೆಯಬೇಕೆಂಬುದು ಇಂದೇ ನಮ್ಮ ಕೈಯಲ್ಲಿರುವ ವಿಷಯ. ಈಗ ಎಷ್ಟೋ ಕಡೆ ವಿದ್ಯುತ್ ಬಂಡಿ ಬಂದಿದೆ. ಆಟಗಾರ ಬಂಡಿಯಲ್ಲಿ ಸಾಗುತ್ತಾನೆ, ಕ್ಯಾಡಿ ಹಿಂದೆ ನೇತಾಡುತ್ತಾನೆ. ಅಲ್ಲಿಗೆ ನಡಿಗೆಯೂ ಹೋಯಿತು, ಮಾತೂ ಹೋಯಿತು. ಹೊಸ ಹೆದ್ದಾರಿಯಿಂದ ಕೆಂಗಲ್ ಕಾಣದಿರುವಂತೆಯೇ ಬಂಡಿಯಲ್ಲಿ ಕುಳಿತವನಿಗೆ ಪಕ್ಕದ ಮನುಷ್ಯ ಕಾಣುವುದಿಲ್ಲ.

2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಶ್ರೀಲಂಕೆಯನ್ನು ಅಪ್ಪಳಿಸಿತು. ಬೆಟ್ಟಗಳು ಕುಸಿದು ನೂರಾರು ಜನ ಮಡಿದರು. ನುವಾರ ಎಲಿಯ ಜಿಲ್ಲೆಯೂ ತೀವ್ರವಾಗಿ ನೊಂದಿತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ಬೆಳಿಗ್ಗೆ ನನಗೆ ಮೊದಲು ದೂರವಾಣಿ ಮಾಡಿದವರು, ಚರಿತ್ರೆ ಏಕೆಂದು ಕೇಳಿದ್ದ ಎಂಜಿನಿಯರ್ ಗೆಳೆಯರೇ. "ಅವರ ಮನೆ ಯಾವ ಇಳಿಜಾರಿನಲ್ಲಿದೆ ಎಂದು ಹೇಳಿದ್ದರು?" ಎಂದು ಕೇಳಿದರು. ಬ್ಯಾಂಕಿನ ಗೆಳೆಯರ ಬಳಿ ಸಂಖ್ಯೆಯಿತ್ತು. ಐದು ದಿನ ಉತ್ತರವಿರಲಿಲ್ಲ. ಆರನೆಯ ದಿನ ಬಂತು: ಸಾಲುಮನೆಯ ಹಿಂಬದಿಯ ಗೋಡೆ ಕುಸಿದಿದೆ, ಸಂಸಾರ ಕ್ಷೇಮ, ಎಲ್ಲರೂ ಶಾಲೆಯೊಂದರಲ್ಲಿ ತಂಗಿದ್ದಾರೆ. ನಾವು ನಾಲ್ವರೂ ಕೂಡಿ ಯಥಾಶಕ್ತಿ ಹಣ ಕಳುಹಿಸಿದೆವು. ಅದು ದೊಡ್ಡ ಮೊತ್ತವಲ್ಲ, ಅದನ್ನು ಹೇಳಿಕೊಳ್ಳುವುದು ಈ ಲೇಖನದ ಉದ್ದೇಶವೂ ಅಲ್ಲ. ಸರೋವರದ ದಡ, ಸಸ್ಯೋದ್ಯಾನ ಏನಾದವೆಂದು ಆ ಐದು ದಿನಗಳಲ್ಲಿ ನಮ್ಮಲ್ಲಿ ಯಾರೂ ಕೇಳಲಿಲ್ಲ. ನೋಡಿದ ಸ್ಥಳ ಯಾವುದು, ಕಂಡ ದೇಶ ಯಾವುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದ್ದರಿಂದ, ಅನುಕೂಲವಿರುವ ನನ್ನ ವಿದ್ಯಾರ್ಥಿಗಳೇ, ವಾರಾಂತ್ಯಕ್ಕೆ ವಿದೇಶಕ್ಕೆ ಹೋಗುವುದಾದರೆ ಸಂತೋಷದಿಂದ ಹೋಗಿಬನ್ನಿ; ಮೂರು ದಿನ ಕಡಿಮೆಯಾಯಿತೆಂದು ಸಂಕೋಚಪಡಬೇಡಿ. ಹೊರಡುವ ಮುನ್ನ ಆ ನಾಡಿನ ಬಗೆಗೆ ನಲವತ್ತು ಪುಟ ಓದಿ. ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲಿ ಎರಡನ್ನು ಹೊಡೆದುಹಾಕಿ. ಬಂಡಿ ಬಿಟ್ಟು ನಡೆಯಿರಿ. ನಿಮ್ಮ ಚೀಲ ಹೊತ್ತವರ ಹೆಸರು ಕೇಳಿ, ನಿಮ್ಮದನ್ನೂ ಹೇಳಿ. ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ. ಬಿಡದಿಯಲ್ಲಿ ಆಡುವಾಗಲೂ ಇದೇ ಪಾಠ ಅನ್ವಯಿಸುತ್ತದೆ.